ವೀಣೆ ಕೇಳಿದ ವಕೀಲರು

ಎರಡನೇ ಪಿಯುಸಿಯಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ನವೆಂಬರ್ 26ಕ್ಕೆ ಅಣಕು ಸಂವಿಧಾನ ಸಭೆ ಮಾಡಿದ್ದೆವು. ಅಂಬೇಡ್ಕರ್ ಪಾತ್ರ ನನಗೇ ಅಂತ ನಂಬಿ ಅಣ್ಣನ ಕೋಟು ಇಸ್ತ್ರಿ ಮಾಡಿಸಿಟ್ಟಿದ್ದೆ. ರಾಜ್ಯಶಾಸ್ತ್ರದ ಮೇಷ್ಟ್ರು ಕೊಟ್ಟ ಚೀಟಿಯಲ್ಲಿ ಇದ್ದದ್ದು: ಕೆ. ಹನುಮಂತಯ್ಯ, ಮೈಸೂರು.

"ಸಾರ್, ಇವರು ವಿಧಾನಸೌಧ ಕಟ್ಟಿಸಿದವರಲ್ವಾ? ಇಲ್ಲೇನು ಕೆಲಸ?"

"ಗೊತ್ತಿಲ್ಲ ಅಂತಲೇ ನಿನಗೆ ಕೊಟ್ಟಿದ್ದು. ಓದ್ಕೊಂಡು ಬಾ."

ಕೋಟು ದಂಡವಾಯಿತಲ್ಲ ಅಂತ ಗೊಣಗಿಕೊಂಡೇ ಲೈಬ್ರರಿಗೆ ಹೋದೆ. ರಾಮನಗರದ ಹತ್ತಿರ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದವರು. ಮೈಸೂರಿನ ಮಹಾರಾಜಾ ಕಾಲೇಜು, ಆಮೇಲೆ ಪುಣೆಯಲ್ಲಿ ಲಾ. ಬೆಂಗಳೂರಿನಲ್ಲಿ ವಕೀಲಿಕೆ. ಅಲ್ಲಿಂದ ಕಾಂಗ್ರೆಸ್, ಜೈಲು. ಹೆಸರಿನ ಮುಂದಿನ ಕೆಂಗಲ್ ಅಂದರೆ ಮೈಸೂರು ರಸ್ತೆಯಲ್ಲಿರುವ ಆಂಜನೇಯನ ಕೆಂಗಲ್ಲೇ. ಆ ದಾರಿಯಲ್ಲಿ ಎಷ್ಟು ಸಲ ಬಸ್ಸಲ್ಲಿ ಓಡಾಡಿದ್ದೆನೋ!

ನನ್ನ ಭಾಷಣದ ಜೀವ ಒಂದೇ ಸಾಲಿನಲ್ಲಿತ್ತು. 1949ರ ನವೆಂಬರ್‌ನಲ್ಲಿ, ಸಂವಿಧಾನದ ಕೆಲಸ ಮುಗಿಯುತ್ತಾ ಬಂದಿದ್ದಾಗ, ಅವರು ಎದ್ದು ನಿಂತು ಹೇಳಿದ ಮಾತು: ನಮಗೆ ಬೇಕಿದ್ದದ್ದು ವೀಣೆಯದೋ ಸಿತಾರಿನದೋ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು. ನಾನು ಅದನ್ನು ಕೈ ಬೀಸಿ, ಕಂಪನಿ ನಾಟಕದ ಥರ ಹೇಳಿದೆ. ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು.

"ಡೈಲಾಗ್ ಅಲ್ಲ ಕಣೋ ಅದು, ವಾದ. ಮನುಷ್ಯ ವಕೀಲ. ಕರಡು ಸಮಿತಿಯಲ್ಲಿ ಜಾಸ್ತಿ ಜನ ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರಲ್ಲ, ಅದಕ್ಕೇ ನಮ್ಮ ರಾಗ ಇದರಲ್ಲಿ ಇಲ್ಲ ಅಂತ ಕೇಸು ಹಾಕ್ತಿದ್ದಾನೆ. ಕೂಗಬೇಡ, ಕೇಳಿಸು."

ಅಂದು ವೇದಿಕೆ ಹತ್ತಿದೆ. ವೀಣೆ ಬಂತು, ಬ್ಯಾಂಡೂ ಬಂತು. ಆಮೇಲೆ ತಲೆ ಖಾಲಿ. ಇಡೀ ಹಾಲ್ ನನ್ನನ್ನೇ ನೋಡುತ್ತಿದೆ. ಬಿ.ಎನ್. ರಾವ್ ಪಾತ್ರ ಮಾಡಿದ್ದ ನಮ್ಮ ಹುಡುಗನಿಗೆ ಆ ದಿನ ಮಾತೇ ಇರಲಿಲ್ಲ. ರಾವ್ ಸಭೆಯ ಸಲಹೆಗಾರರು, ಸದಸ್ಯರಲ್ಲ. ಹಾಗಾಗಿ ಅವನ ಪಾಲಿಗೆ ಬಂದದ್ದು ಕಾಗದದ ಕಟ್ಟು ಹಿಡಿದು ಸುಮ್ನೆ ಕೂರುವ ಕೆಲಸ. ಅವನೇ ಕಟ್ಟಿನ ಮರೆಯಿಂದ "ಗಾಂಧೀಜಿ, ಗಾಂಧೀಜಿ" ಅಂತ ಪಿಸುಗುಟ್ಟಿದ. ಗಾಂಧೀಜಿ ಬಯಸಿದ ಸಂವಿಧಾನ ಇದಲ್ಲ ಅನ್ನುವ ಮುಂದಿನ ಸಾಲು ಹೊಳೆಯಿತು. ಆ ಸಲಹೆ ಇರದಿದ್ದರೆ ನಾನು ಇವತ್ತಿಗೂ ಅಲ್ಲೇ ನಿಂತಿರುತ್ತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ, ಕುರ್ಚಿ ಜೋಡಿಸುತ್ತಾ ಮೇಷ್ಟ್ರು ಉಳಿದ ಕಥೆ ಹೇಳಿದರು. ಹನುಮಂತಯ್ಯನವರು 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು. ವಿಧಾನಸೌಧಕ್ಕೆ 1951ರಲ್ಲೇ ನೆಹರೂ ಅಡಿಗಲ್ಲು ಹಾಕಿದ್ದರು, ಆದರೆ ಆಗಿನ ನಕ್ಷೆ ಸಾದಾ ಕಟ್ಟಡದ್ದು. ರಷ್ಯಾದಿಂದ ಬಂದವರು ಬೆಂಗಳೂರು ನೋಡಿ, ಎಲ್ಲ ಯುರೋಪಿನ ಕಟ್ಟಡಗಳೇ, ನಿಮ್ಮದು ಅಂತ ಏನೂ ಇಲ್ವಾ ಅಂದರಂತೆ. ಆ ಮಾತು ಚುಚ್ಚಿತು. ನಕ್ಷೆ ಬದಲಾಯಿತು. ಖರ್ಚು ಜಾಸ್ತಿಯಾಯಿತು, ಟೀಕೆಯೂ. ಕಟ್ಟಡ ಮುಗಿದ 1956ರಲ್ಲೇ ಅವರ ಕುರ್ಚಿ ಹೋಯಿತು. ಹಳೇ ಮೈಸೂರಿನ ಎಷ್ಟೋ ಜನಕ್ಕೆ ಬೇಡವಾಗಿದ್ದ ಏಕೀಕರಣದ ಪರ ನಿಂತದ್ದೂ ಅವರಿಗೆ ದುಬಾರಿಯಾಯಿತು. ನನಗೆ ಕಟ್ಟಡಕ್ಕಿಂತ ಅದೇ ದೊಡ್ಡದು ಅನಿಸುತ್ತದೆ.

"ಈಗ ಹೇಳು, ವಿಧಾನಸೌಧ ವೀಣೆಯೋ ಬ್ಯಾಂಡೋ?" ಅಂದರು ಮೇಷ್ಟ್ರು.

"ಹೊರಗೆ ವೀಣೆ ಸಾರ್. ಒಳಗೆ ಸ್ಪೀಕರ್, ಪ್ರಶ್ನೋತ್ತರ, ಎಲ್ಲ ಬ್ಯಾಂಡೇ."

ಮೇಷ್ಟ್ರು ಜೋರಾಗಿ ನಕ್ಕರು. "ಹೋಗಿ ಲಾ ಓದಯ್ಯಾ" ಅಂದರು.

ನಾನು ಬಿ.ಕಾಂ. ಮಾಡಿ ಬ್ಯಾಂಕು ಸೇರಿದೆ. ಪಿಸುಗುಟ್ಟಿದವನು ಲಾ ಓದಿದ.