ರೊಟ್ಟಿ ಹರಿದರೆ ಅಂಚು ನೋಡಿ

ಜೋಳದ ರೊಟ್ಟಿ ನಮ್ಮ ಕೈಗೆ ಒಲಿಯುವುದಿಲ್ಲ ಎಂದು ಬಿಟ್ಟುಬಿಟ್ಟವರಲ್ಲಿ ಹೆಚ್ಚಿನವರು ಬಡಿಯುವುದನ್ನಷ್ಟೇ ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ. ತಪ್ಪು ಅದಕ್ಕೂ ಮೊದಲೇ, ಹಿಟ್ಟಿನ ಡಬ್ಬಿಯಲ್ಲೋ ಎಸರಿನಲ್ಲೋ ಆಗಿರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಉಂಡೆಯೇನೋ ಆಗುತ್ತದೆ, ತಟ್ಟಿದ ಕೂಡಲೇ ಬಿರಿಯುತ್ತದೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧಂಬರ್ಧ ಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವ ಜಿಗಿ ಬರುವುದು ಅಲ್ಲಿಂದ. ಜಿಗಿ ಇಲ್ಲದ ಹಿಟ್ಟು ಎಷ್ಟು ಪಳಗಿದ ಕೈಯಲ್ಲೂ ಹರಿಯುತ್ತದೆ.

ಹೊಸದಾಗಿ ಕಲಿಯುವವರು ಹಿಂಗಾರಿಯ ಬಿಳಿ ಜೋಳವನ್ನೇ ತರಬೇಕು. ವಿಜಯಪುರ, ಕಲಬುರಗಿ ಕಡೆ ಬೆಳೆಯುವ ಮಾಲದಂಡಿ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಒಮ್ಮೆಗೆ 2 ಕಿಲೋ ಸಾಕು. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಹಳತಾದಂತೆ ಕಮಟುತ್ತದೆ, ಜಿಗಿಯೂ ಕಡಿಮೆಯಾಗುತ್ತದೆ. ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ: ಕಹಿ ಬಂದರೆ ಆ ಹಿಟ್ಟಿನಲ್ಲಿ ಅಭ್ಯಾಸವೇ ಬೇಡ. ಬೆಂಗಳೂರಿನಲ್ಲೋ ವಿದೇಶದಲ್ಲೋ ಪೊಟ್ಟಣದ ಹಿಟ್ಟು ಕೊಳ್ಳುವವರು ತಯಾರಾದ ದಿನಾಂಕ ನೋಡಿ ತೆಗೆದುಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ.

250 ಗ್ರಾಂ ಹಿಟ್ಟಿಗೆ ಸುಮಾರು 275 ಮಿಲಿ ನೀರು. ಹೊಸ ಹಿಟ್ಟು, ಹಳೆ ಹಿಟ್ಟು, ಬೀಸಿದ ನಯ ಇವುಗಳಿಂದ ನೀರು ತುಸು ಹೆಚ್ಚುಕಡಿಮೆ ಆಗುತ್ತದೆ. ಬಡಿಯುವಾಗ ಉದುರಿಸಲು ಬೇರೆ 50 ಗ್ರಾಂ ಒಣಹಿಟ್ಟು ತೆಗೆದಿಡಿ. ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಕುಣಿ ಮಾಡಿ. ನೀರು ಕಳಕಳ ಕುದಿಯುತ್ತಿರುವಾಗಲೇ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ಸುರಿದು, ಸೌಟಿನ ಹಿಂಬದಿಯಿಂದ ಕಲಸಿ, 5 ನಿಮಿಷ ಮುಚ್ಚಿಡಿ. ನೀರಿನಲ್ಲಿ ಗುಳ್ಳೆ ಬರತೊಡಗಿದಾಗಲೇ ಇಳಿಸುವವರು ಬಹಳ. ಅಷ್ಟು ಕಾವು ಸಾಲದು. ಹಿಟ್ಟು ಕೈ ತಾಳುವಷ್ಟು ತಣಿದ ಮೇಲೆ, ಉಳಿದ ನೀರನ್ನು ಚಿಮುಕಿಸುತ್ತಾ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಇಡೀ ಹಿಟ್ಟಿಗೆ 5 ನಿಮಿಷ. ಆಮೇಲೆ ಪ್ರತಿ ಉಂಡೆಯನ್ನೂ ಬಡಿಯುವ ಮುಂಚೆ ಮತ್ತೆ ಒಂದು ನಿಮಿಷ. ಈ ಎರಡನೇ ನಾದುವಿಕೆಯನ್ನು ಬಿಡಲೇಬಾರದು, ಏಕೆಂದರೆ ತಣಿದಂತೆ ಹಿಟ್ಟು ಬಿಗಿಯುತ್ತದೆ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಬಡಿಯುವುದು ಚಪಾತಿಗೆ ಸರಿ, ಇದಕ್ಕೆ ಆಗದು.

ಬಡಿಯುವ ಮೊದಲು ಒಂದು ಪರೀಕ್ಷೆ ಇದೆ. 100 ಗ್ರಾಮಿನ ಉಂಡೆಯನ್ನು ಅಂಗೈಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಒತ್ತಿ ಅಂಚು ನೋಡಿ. ನಯವಾಗಿದ್ದರೆ ಮುಂದುವರಿಯಿರಿ. ಬಿರಿದರೆ ಕೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ನಾದಿ. ಆಗ ಕೂಡಿಕೊಂಡರೆ ನೀರೋ ನಾದುವುದೋ ಕಡಿಮೆಯಾಗಿತ್ತು ಎಂದರ್ಥ. ನಾದಿದ ಮೇಲೂ ಬಿರಿಯುತ್ತಿದ್ದರೆ ಎಸರು ಕುದಿದಿರಲಿಲ್ಲ, ಇಲ್ಲವೇ ಹಿಟ್ಟೇ ಹಳತು. ಕಲಿಯುವವರಿಗೆ ಇದಕ್ಕಿಂತ ಉಪಕಾರಿಯಾದದ್ದು ನನಗೆ ಕಾಣುವುದಿಲ್ಲ. ದೋಷ ಎಲ್ಲಿದೆ ಎಂದು ತಿಳಿದರೆ ಮರುದಿನ ಅದೊಂದನ್ನೇ ಬದಲಿಸಬಹುದು. ನೀರು, ನಾದುವುದು, ಉರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೋ ಗೊತ್ತೇ ಆಗುವುದಿಲ್ಲ.

ಬಡಿಯುವಾಗ ಮಣೆಯ ಮೇಲೆ ಒಣಹಿಟ್ಟು ಧಾರಾಳವಾಗಿರಲಿ. ಉಂಡೆಯ ಅಡಿಗೆ ಹಿಟ್ಟು ಇಲ್ಲದಿದ್ದರೆ ರೊಟ್ಟಿ ತಿರುಗುವುದಿಲ್ಲ, ತಿರುಗದ ರೊಟ್ಟಿ ದುಂಡಗಾಗುವುದಿಲ್ಲ. ಬಲಗೈ ಬಡಿಯಬೇಕು, ಎಡಗೈ ಅಂಚಿಗೆ ಆಸರೆಯಾಗಿರಬೇಕು. ಪೆಟ್ಟು ಬೀಳಬೇಕಾದದ್ದು ಅಂಚಿನಿಂದ ಒಂದಂಗುಲ ಒಳಗೆ. ನಡುವೆಯೇ ಬಡಿದರೆ ಮಧ್ಯ ತೆಳ್ಳಗಾಗಿ ಎತ್ತುವಾಗ ಹರಿಯುತ್ತದೆ, ಅಂಚು ದಪ್ಪ ಉಳಿದು ಹಸಿಯಾಗಿರುತ್ತದೆ. ಮೊದಮೊದಲು 60 ಗ್ರಾಮಿನ ಉಂಡೆ, 5 ಅಂಗುಲದ ರೊಟ್ಟಿ ಸಾಕು. ಅದು ಹರಿಯದೆ ಹಂಚಿಗೆ ಹೋಗುವಂತಾದ ಮೇಲೆ 8 ಅಂಗುಲಕ್ಕೆ ಬನ್ನಿ. ಹರಿದದ್ದನ್ನು ಮತ್ತೆ ಮುದ್ದೆ ಮಾಡಿ, ನೀರು ಚಿಮುಕಿಸಿ ನಾದಿ ಬಡಿಯಬಹುದು. ಆದರೆ ಪ್ರತಿ ಸಲವೂ ಒಣಹಿಟ್ಟು ಒಳಸೇರುವುದರಿಂದ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ. ಲಟ್ಟಣಿಗೆ ಬಳಸಿದರೂ ರೊಟ್ಟಿಯೇ ಆಗುತ್ತದೆ, ಅವಸರದ ದಿನ ಅದು ಸರಿ. ಹಿಟ್ಟಿನ ಹದ ಬೆರಳಿಗೆ ತಿಳಿಯುವುದು ಮಾತ್ರ ಬಡಿದಾಗಲೇ.

ಹಂಚು ಕಬ್ಬಿಣದ್ದಿರಲಿ. ನೀರು ಚಿಮುಕಿಸಿದರೆ ಚುರ್ ಎಂದು ಕ್ಷಣದಲ್ಲೇ ಆರಬೇಕು. ರೊಟ್ಟಿಯ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರುವಂತೆ ಹಾಕಿ, ಒದ್ದೆ ಬಟ್ಟೆಯಿಂದ ಅಂಚಿನವರೆಗೂ ನೀರು ಸವರಿ. ನೀರು ಒಣಹಿಟ್ಟನ್ನು ಒರೆಸುವುದಷ್ಟೇ ಅಲ್ಲ, ಮೇಲೊಂದು ತೆಳು ಪದರ ಕಟ್ಟುತ್ತದೆ. ಒಳಗಿನ ಹಬೆ ಆ ಪದರದ ಕೆಳಗೆ ಸಿಕ್ಕಿಬಿದ್ದಾಗ ರೊಟ್ಟಿ ಉಬ್ಬುತ್ತದೆ. ಹೊಳಪು ಮಾಸಿ ಪಸೆ ಇನ್ನೂ ಇರುವಾಗ ತಿರುವಬೇಕು. ಬೇಗ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೇಲ್ಮೈ ಬಿರುಕು ಬಿಟ್ಟು ಹಬೆಯೆಲ್ಲ ಸೋರಿಹೋಗುತ್ತದೆ. ಅಡಿಯಲ್ಲಿ ಕಂದು ಚುಕ್ಕೆ ಮೂಡಿದ ಮೇಲೆ ಮತ್ತೆ ತಿರುವಿ, ಒಣ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತುತ್ತಾ ಬನ್ನಿ. ನೇರ ಉರಿಗೆ ಹಿಡಿದರೂ ಉಬ್ಬುತ್ತದೆ.

ಖಡಕ್ ರೊಟ್ಟಿಗೆ ಕೈ ಹಾಕುವುದು ಆಮೇಲೆ. ಅದನ್ನು ಇನ್ನೂ ತೆಳ್ಳಗೆ ಬಡಿದು, ಬೆಂದ ಮೇಲೆ ಸಣ್ಣ ಉರಿಯಲ್ಲಿ ತೇವವೆಲ್ಲ ಆರುವವರೆಗೆ ಕಾಯಿಸಬೇಕು. ಎಲ್ಲೋ ಸ್ವಲ್ಪ ಮೆತ್ತಗಿದ್ದರೂ ಅಲ್ಲಿಂದಲೇ ಬೂಸು ಹಿಡಿಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಗೇ ಮೊದಲ ಬಾರಿ ಮಾಡಲು ಹೋಗಬೇಡಿ, ಹದಿನೈದು ದಿನ ಮುಂಚೆಯೇ ಶುರು ಮಾಡಿ. ಸಜ್ಜೆಗೂ ಎಸರು, ನಾದುವುದು ಇದೇ ಕ್ರಮ, ಆದರೆ ಅದರ ಹಿಟ್ಟು ಜೋಳಕ್ಕಿಂತ ಬೇಗ ಕಹಿಯಾಗುತ್ತದೆ.

ಕಲಿಯುವ ದಿನಗಳಲ್ಲಿ ದಪ್ಪಗಾದ, ಹರಿದ ರೊಟ್ಟಿಗಳು ಬಂದೇ ಬರುತ್ತವೆ. ಅವನ್ನು ಮುಟಗಿ ಮಾಡಿ: 2 ದಪ್ಪ ರೊಟ್ಟಿಗೆ 5 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಉಪ್ಪು ಕುಟ್ಟಿ, ರೊಟ್ಟಿ ಮುರಿದು ಹಾಕಿ ಮತ್ತೆ ಕುಟ್ಟಿ, ತುಪ್ಪವನ್ನೋ ಶೇಂಗಾ ಎಣ್ಣೆಯನ್ನೋ ಬಿಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು. ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಕುಟ್ಟಿ. ತಣಿದರೆ ಉಂಡೆ ನಿಲ್ಲುವುದಿಲ್ಲ.