ಸ್ಯಾಂಪಲ್ ಎಲ್ಲಿಂದ ತೆಗೆದೆ ಮಾರಾಯ?

ನಮಗೆ ಕೆಮಿಸ್ಟ್ರಿ ಕಲಿಸಿದ ಕಾಲಂ ಮಾಷ್ಟ್ರು ತೀರಿಹೋದರು ಎಂಬ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಮೊದಲು ಎಲ್ಲರೂ ಕೈಮುಗಿದ ಚಿತ್ರಗಳನ್ನೇ ಹಾಕಿದರು. ಆಮೇಲೆ ಕತಾರಿನಲ್ಲಿರುವ ಒಬ್ಬ ಬರೆದ: "ಇನ್ನು ಸೆಪರೇಟಿಂಗ್ ಫನಲ್ ಹಿಡಿದಾಗ ಹಿಂದಿನಿಂದ ಬಯ್ಯುವವರು ಯಾರೂ ಇಲ್ಲ." ಒಂದರೊಳಗೊಂದು ಬೆರೆಯದ ಎರಡು ದ್ರವಗಳನ್ನು ಬೇರೆ ಮಾಡುವ ಗಾಜಿನ ಪಾತ್ರೆ ಅದು. ಅಲ್ಲಿಂದ ಶುರುವಾದ ಮಾತು ನಡುರಾತ್ರಿ ದಾಟಿತು. ಅದರಲ್ಲಿ ಅರ್ಧದಷ್ಟು ಕಾಲೇಜು ಪತ್ರಿಕೆಗೆ ಬರೆಯುವಂಥದ್ದಲ್ಲ. ಉಳಿದದ್ದನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಮಾಷ್ಟ್ರಿಗೆ ತನ್ನ ಹೆಸರು ಅಚ್ಚಾಗುವುದು ಎಂದರೆ ಆಗುತ್ತಿರಲಿಲ್ಲ. ಹಾಗಾಗಿ ನಾವು ಇಟ್ಟ ಅಡ್ಡಹೆಸರಿನಲ್ಲೇ ಮುಂದುವರಿಯುತ್ತೇನೆ.

ಬಿಎಸ್ಸಿ ಪಾಠದಲ್ಲಿ ಏನೇನಿತ್ತು ಎಂದು ಕೇಳಿದರೆ ನನಗೆ ಈಗ ಹೇಳಲು ಬರುವುದಿಲ್ಲ. ಮೂರು ವರ್ಷದ ಪುಸ್ತಕಗಳು ಎಲ್ಲಿ ಹೋದವೋ. ನೆನಪಿರುವುದು ಶನಿವಾರದ ಮಧ್ಯಾಹ್ನಗಳು. ಲ್ಯಾಬ್ ಕೆಲಸಕ್ಕೆ ಹೋಗಬೇಕೆಂದಿದ್ದ ನಮ್ಮಂಥ ಕೆಲವರಿಗೆ ಮಾಷ್ಟ್ರು ಆಗ ಬೇರೆಯೇ ತರಬೇತಿ ಕೊಡುತ್ತಿದ್ದರು. ಫೀಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಪರೀಕ್ಷೆಯೂ ಇಲ್ಲ, ಆದರೆ ಪ್ರತಿ ವಾರವೂ ಪರೀಕ್ಷೆಯೇ. ನಾವೆಲ್ಲ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಕನ್ನಡ ಮೀಡಿಯಂ ಮಕ್ಕಳು. ಬೆರೆತದ್ದನ್ನು ಬೇರೆ ಮಾಡುವ ವಿದ್ಯೆಗೆ ಇರುವ ಕ್ರೊಮ್ಯಾಟೋಗ್ರಫಿ ಎಂಬ ಪದ ಹೇಳುವಷ್ಟರಲ್ಲಿ ನಾಲಿಗೆ ಎರಡು ಸಲ ಎಡವುತ್ತಿತ್ತು. ಮಾಷ್ಟ್ರು ಕನ್ನಡದಲ್ಲಿ ವಿವರಿಸುತ್ತಿದ್ದರು, ಅರ್ಥವಾಗದವರಿಗೆ ಮಲಯಾಳದಲ್ಲಿ ಹೇಳುತ್ತಿದ್ದರು, ಬಯ್ಯುವುದನ್ನು ಮಾತ್ರ ತುಳುವಿನಲ್ಲಿ ಮಾಡುತ್ತಿದ್ದರು.

ಮೊದಲ ಶನಿವಾರ ನಾವು ದೊಡ್ಡ ಯಂತ್ರ ಏನಾದರೂ ನೋಡಲು ಸಿಗುತ್ತದೆ ಎಂದುಕೊಂಡು ಹೋಗಿದ್ದೆವು. ಮೇಜಿನ ಮೇಲೆ ಇದ್ದದ್ದು ಒಂದು ರಾಶಿ ಚಾಲಿ ಅಡಿಕೆ.

"ಇದರಲ್ಲಿ ಅಮಲು ತರುವ ಅರೆಕೋಲಿನ್ ಎಷ್ಟುಂಟು ನೋಡಬೇಕು. ಸ್ಯಾಂಪಲ್ ತೆಗೆಯಿರಿ."

ಒಬ್ಬ ಮೇಲಿನಿಂದ ಒಂದು ಮುಷ್ಟಿ ತೆಗೆದ. ಇನ್ನೊಬ್ಬ ಜಾಣ, ಒಳ್ಳೆಯ ಅಡಿಕೆಗಳನ್ನೇ ಆರಿಸಿದ. ಮಾಷ್ಟ್ರು ಎರಡನ್ನೂ ವಾಪಸ್ ರಾಶಿಗೆ ಸುರಿದರು. ಆಮೇಲೆ ಅಡಿಕೆಯನ್ನು ಒರಟಾಗಿ ಕುಟ್ಟಿಸಿದರು. ಗೋಪುರದ ಹಾಗೆ ರಾಶಿ ಹಾಕಿಸಿ, ಮೇಲೆ ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿಸಿದರು. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ಪಕ್ಕಕ್ಕೆ ಸರಿಸಬೇಕು. ಇಟ್ಟುಕೊಂಡದ್ದನ್ನು ಕಲಸಿ ಮತ್ತೆ ರಾಶಿ, ಮತ್ತೆ ನಾಲ್ಕು ಭಾಗ. ಒಂದು ಚಿಕ್ಕ ಬಾಟಲಿ ತುಂಬುವಷ್ಟು ಉಳಿಯುವವರೆಗೆ ಇದೇ ಕೆಲಸ. ಸಂಜೆಯಾಯಿತು. ಬೇರೆ ಏನೂ ಮಾಡಲಿಲ್ಲ. ಹೋಗುವಾಗ ಹೇಳಿದರು: "ಇಷ್ಟೇ ಇವತ್ತಿನದು. ಈ ಬಾಟಲಿ ಸುಳ್ಳು ಹೇಳಿದರೆ ಮುಂದಿನ ಯಾವ ಯಂತ್ರವೂ ನಿಜ ಹೇಳುವುದಿಲ್ಲ."

ಅಡಿಕೆ ಮಂಡಿಯಲ್ಲಿ ಗೋಣಿಗೆ ಕೈಹಾಕಿ ನೋಡುವ ನನ್ನ ಅಪ್ಪನಿಗೆ ಇದನ್ನು ಹೇಳಿದೆ. ಅವರು, "ಅದಕ್ಕೆ ಕಾಲೇಜಿಗೆ ಹೋಗಬೇಕಾ?" ಎಂದರು.

ಕಾಲಂ ಮಾಷ್ಟ್ರು ಎಂಬ ಹೆಸರು ಬಂದದ್ದು ಕಾಲಂ ಎನ್ನುವ ಗಾಜಿನ ಕೊಳವೆಯಿಂದ. 1900ರ ದಶಕದ ಆರಂಭದಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಸುಣ್ಣದ ಕಾರ್ಬೊನೇಟ್ ಪುಡಿ ತುಂಬಿದ ಕೊಳವೆಗೆ ಎಲೆಯ ರಸ ಸುರಿದು ಹಸಿರು, ಹಳದಿ ಪಟ್ಟಿಗಳನ್ನು ಬೇರೆ ಮಾಡಿದ್ದ. ಅದನ್ನೇ ನಮ್ಮಿಂದ ಮಾಡಿಸಿದರು. ಬಸಳೆ ಸೊಪ್ಪಿನ ರಸಕ್ಕೆ ಪೆಟ್ರೋಲಿಯಂ ಈಥರ್ ಸುರಿದಾಗ ಹಳದಿ ಕ್ಯಾರೋಟಿನ್ ಮೊದಲು ಓಡಿ ಕೆಳಗಿಳಿಯಿತು. ಕ್ಲೋರೊಫಿಲ್ ಮೇಲೆಯೇ ಉಳಿಯಿತು. ಕೆಂಪು ಹರಿವೆ ತಂದವನ ಕೊಳವೆಯಲ್ಲಿ ಕೆಂಪು ಬಣ್ಣ ಅಲುಗಾಡಲೇ ಇಲ್ಲ. ಅದು ನೀರಿಗೆ ಒಲಿಯುವ ಬಣ್ಣ, ಈಥರಿಗೆ ಅಲ್ಲ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಮಾಷ್ಟ್ರು ಮಧೂರು ಜಾತ್ರೆಗೆ ಕರೆದುಕೊಂಡು ಹೋದರು, ಅಂದರೆ ಮಾತಿನಲ್ಲಿ. ಎಲ್ಲರೂ ಒಟ್ಟಿಗೆ ಗದ್ದೆಗೆ ಇಳಿಯುತ್ತಾರೆ. ಬಳೆ ಅಂಗಡಿ ಕಂಡಲ್ಲೆಲ್ಲ ನಿಲ್ಲುವವರು ಹಿಂದೆ ಬೀಳುತ್ತಾರೆ. ಜೇಬಿನಲ್ಲಿ ಕಾಸಿಲ್ಲದವನು ನೇರ ದೇವಸ್ಥಾನ ಮುಟ್ಟುತ್ತಾನೆ. ಕೊಳವೆಯ ಪುಡಿ ಅಂಗಡಿ, ಸುರಿಯುವ ದ್ರಾವಕ ಹಿಂದಿನಿಂದ ನೂಕುವ ಜನ. ಈಗಿನ ಯಂತ್ರಗಳಲ್ಲಿರುವ ಸಿ-18 ಕಾಲಂ ಬಗ್ಗೆ ಆಮೇಲೆ ನಾನು ಓದಿದ ದಪ್ಪ ಪುಸ್ತಕಗಳೆಲ್ಲ ಇದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ.

ಲ್ಯಾಬಿನ ಅಟೆಂಡರ್ ಅಣ್ಣನನ್ನು ಇಲ್ಲಿ ಬಿಟ್ಟರೆ ತಪ್ಪಾಗುತ್ತದೆ. ಗಾಜಿನ ಪಾತ್ರೆ ತೊಳೆದದ್ದು ಸರಿಯಾಗಿದೆಯೇ ಎಂದು ಅವರು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀರು ಹನಿಹನಿಯಾಗಿ ಅಂಟಿಕೊಂಡಿದ್ದರೆ ಒಳಗೆ ಜಿಡ್ಡಿದೆ, ತೆಳುವಾಗಿ ಹರಡಿ ಇಳಿದರೆ ಶುದ್ಧ. ಎಸ್ಸೆಸ್ಸೆಲ್ಸಿ ದಾಟದ ಆ ಮನುಷ್ಯ ವಾಪಸ್ ಕೊಟ್ಟ ಫ್ಲಾಸ್ಕನ್ನು ಮಾಷ್ಟ್ರೂ ಪ್ರಶ್ನಿಸುತ್ತಿರಲಿಲ್ಲ.

ನಾವು ಓದುತ್ತಿದ್ದ ಕಾಲ ಎಂಥದ್ದು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದರು. ಅದು ನಿಂತದ್ದು 2000ದಲ್ಲಿ. 2001ರಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ವರದಿ ನೀರಿನಲ್ಲಿ, ಮಣ್ಣಿನಲ್ಲಿ, ಜನರ ರಕ್ತದಲ್ಲಿ ವಿಷ ಇದೆ ಎಂದಿತು. ಇನ್ನೊಂದು ವರದಿ ಅಷ್ಟೆಲ್ಲ ಇಲ್ಲ ಎಂದಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆ ಊಟದಲ್ಲಿ ಅದೇ ಜಗಳ. ನಮ್ಮ ಗುಂಪಿನಲ್ಲೂ ಎರಡು ಪಕ್ಷ.

ಮಾಷ್ಟ್ರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಬೋರ್ಡಿನ ಮೇಲೆ ಪ್ರಶ್ನೆಗಳನ್ನು ಬರೆದರು. ಸ್ಯಾಂಪಲ್ ಯಾವ ತಿಂಗಳು ತೆಗೆದದ್ದು, ಮಳೆಗೆ ಮೊದಲಾ ಆಮೇಲಾ? ನೀರೋ, ಕೆಸರೋ? ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣಿಗೆ ಅಂಟಿಕೊಳ್ಳುವುದು ಜಾಸ್ತಿ. ಗುಡ್ಡ ಕೊರೆದು ನೀರು ತರುವ ಸುರಂಗದ ತಿಳಿನೀರಿನಲ್ಲಿ ಸಿಗದ್ದು ಅದರ ತಳದ ಕೆಸರಿನಲ್ಲಿ ಸಿಕ್ಕೀತು. ತಂದದ್ದು ಗಾಜಿನ ಬಾಟಲಿಯಲ್ಲಾ, ಪ್ಲಾಸ್ಟಿಕ್ಕಿನಲ್ಲಾ? ಪ್ಲಾಸ್ಟಿಕ್ ಆದರೆ ಅದೇ ಸ್ವಲ್ಪ ಹೀರಿಕೊಳ್ಳುತ್ತದೆ. ಹುಡುಕಿದ್ದು ಏನನ್ನು? ಸಿಂಪಡಿಸುವ ಮದ್ದಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ರೂಪ ಇರುತ್ತವೆ, ಹೆಚ್ಚುಕಡಿಮೆ 7ಕ್ಕೆ 3ರ ಪ್ರಮಾಣದಲ್ಲಿ. ಮಣ್ಣಿಗೆ ಬಿದ್ದ ಮೇಲೆ ಅವು ನಿಧಾನವಾಗಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತವೆ. ಅದು ಇನ್ನೂ ಹೆಚ್ಚು ದಿನ ಉಳಿಯುವ ವಿಷ. ಆಲ್ಫಾ, ಬೀಟಾ ಮಾತ್ರ ಹುಡುಕಿ "ಇಲ್ಲ" ಎಂದರೆ ಏನು ಹೇಳಿದ ಹಾಗಾಯಿತು?

ಒಂದು ಶನಿವಾರ ನಮ್ಮನ್ನು ಎಣ್ಮಕಜೆ ಕಡೆಗೆ ಕರೆದುಕೊಂಡು ಹೋದರು. ಕಂದು ಗಾಜಿನ ಬಾಟಲಿಗಳನ್ನು ಮೊದಲು ಸಾಬೂನಿನಲ್ಲಿ, ಆಮೇಲೆ ಅಸಿಟೋನಿನಲ್ಲಿ, ಕೊನೆಗೆ ಹೆಕ್ಸೇನಿನಲ್ಲಿ ತೊಳೆದು ಒಯ್ದಿದ್ದೆವು. ಮೀನು ಮಾರುವವರಿಂದ ಥರ್ಮೋಕೋಲ್ ಪೆಟ್ಟಿಗೆ ಕೇಳಿ ತಂದು ಅದರಲ್ಲಿ ಐಸ್ ತುಂಬಿದ್ದೆವು. ಪ್ರತಿ ಬಾಟಲಿಗೂ ಚೀಟಿ: ಜಾಗ, ಸಮಯ, ಆಳ, ತೆಗೆದವರ ಹೆಸರು. ಬಾಟಲಿ ತುಂಬುವಾಗ ಒಬ್ಬ ಮುದುಕಿ ಅಂಗಳದಿಂದ ಕೇಳಿದರು: "ಇದರಿಂದ ಗೊತ್ತಾಗ್ತದಾ ಮಗಾ?" ಮಾಷ್ಟ್ರೇ ಉತ್ತರ ಕೊಟ್ಟರು: "ನಮ್ಮಲ್ಲಿ ಅದನ್ನು ನೋಡುವ ಯಂತ್ರ ಇಲ್ಲಮ್ಮ. ಇವರು ನೀರು ತೆಗೆಯಲು ಕಲಿಯುತ್ತಿದ್ದಾರೆ." ನಮಗೆ ಅವಮಾನವಾಯಿತು. ಏನಾದರೂ ದೊಡ್ಡದಾಗಿ ಹೇಳಬಹುದಿತ್ತು ಅಲ್ವಾ ಎಂದು ಜೀಪಿನಲ್ಲಿ ಗೊಣಗಿದೆವು. ಎಂಡೋಸಲ್ಫಾನ್ ನೋಡಬೇಕಾದರೆ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರ ಬೇಕು. ನಮ್ಮಲ್ಲಿ ಅದು ಇರಲಿಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಿಕೊಳ್ಳುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ.

ಆ ನೀರನ್ನು ಲ್ಯಾಬಿಗೆ ತಂದು ಸೆಪರೇಟಿಂಗ್ ಫನಲಿನಲ್ಲಿ, ನೀರಿನಿಂದ ವಿಷವನ್ನು ತನ್ನೊಳಗೆ ಎಳೆದುಕೊಳ್ಳುವ ಹೆಕ್ಸೇನ್ ಜೊತೆ ಕುಲುಕಿದೆವು. ಕುಲುಕಿದ ಕೂಡಲೇ ತಲೆಕೆಳಗೆ ಹಿಡಿದು ತಿರುಪು ತೆರೆದು ಗಾಳಿ ಬಿಡಬೇಕು. ಮರೆತರೆ ಮುಚ್ಚಳ ಹಾರುತ್ತದೆ, ಹಿಂದಿನಿಂದ ತುಳು ಕೇಳುತ್ತದೆ. ಕೆಸರಿನ ರಸದಲ್ಲಿ ಎರಡು ಪದರ ಬೇರೆಯಾಗದೆ ನಡುವೆ ನೊರೆ ನಿಂತರೆ ಒಂದು ಚಿಟಿಕೆ ಉಪ್ಪು ಹಾಕಿಸುತ್ತಿದ್ದರು. ಹೆಕ್ಸೇನನ್ನು ಆವಿ ಮಾಡುವಾಗ ಪೂರ್ತಿ ಒಣಗಿಸಲು ಬಿಡುತ್ತಿರಲಿಲ್ಲ. ಒಂದು ಮಿಲಿ ಉಳಿಯಲಿ, ಇಲ್ಲವಾದರೆ ನಾವು ಹುಡುಕುವುದೂ ಹೆಕ್ಸೇನಿನ ಜೊತೆ ಗಾಳಿಗೆ ಹೋದೀತು ಎನ್ನುತ್ತಿದ್ದರು. ನಮ್ಮ ಕೈ ಎಷ್ಟು ಕಳೆಯುತ್ತದೆ ಎಂದು ತಿಳಿಯಲು ಇನ್ನೊಂದು ಪಾಠ. ಅಕ್ಕಿಹಿಟ್ಟಿಗೆ ಅಳೆದು ಬಣ್ಣ ಬೆರೆಸುವುದು, ಮತ್ತೆ ಅದನ್ನು ತೆಗೆದು ಎಷ್ಟು ವಾಪಸ್ ಬಂತು ನೋಡುವುದು. ನನ್ನದು 92 ಶೇಕಡಾ ಬಂದಿತ್ತು. ಆ ವರ್ಷ ಬೇರೆ ಯಾರದ್ದೂ 80 ದಾಟಲಿಲ್ಲ ಎಂಬುದನ್ನು ಗುಂಪಿನವರು ಒಪ್ಪುವುದಿಲ್ಲ, ಆದರೆ ಬರೆದಿಡುತ್ತೇನೆ.

ಈಗ ಹಸಿರು ಶಾಯಿಯ ಕತೆ. ಮಾಷ್ಟ್ರು ರೆಕಾರ್ಡಿಗೆ ಹಸಿರು ಶಾಯಿಯಲ್ಲೇ ಸಹಿ ಹಾಕುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೂ ಅರ್ಧ ಕ್ಲಾಸಿನ ರೆಕಾರ್ಡಿಗೆ ಸಹಿ ಇಲ್ಲ. ಲೆಕ್ಕ ತಪ್ಪಿದ್ದರೆ ಸುಮ್ನೆ ಪುಟ ತಿರುಗಿಸಿ ಪುಸ್ತಕ ವಾಪಸ್ ಕೊಟ್ಟುಬಿಡುತ್ತಿದ್ದರು. ನಮ್ಮಲ್ಲೊಬ್ಬನಿಗೆ ಕೈಬರಹ ಕದಿಯುವ ಕಲೆ ಇತ್ತು. ಈಗ ಅವನು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ಅಷ್ಟು ಸಾಕು. ಹಸಿರು ಶಾಯಿ ಕೊಳ್ಳಲು ಹೋದರೆ ಸುದ್ದಿಯಾಗುತ್ತದೆ ಎಂದು ನೀಲಿ ಶಾಯಿಗೆ ಜಿಲೇಬಿಯ ಹಳದಿ ಪುಡಿ ಬೆರೆಸಿದ. ಒಂದು ಸಹಿಗೆ ಒಂದು ಪ್ಲೇಟ್ ಗೋಳಿಬಜೆ. ಒಂದೇ ಸಂಜೆ ಒಂದು ವಾರದ ತಿಂಡಿ ಸಂಪಾದಿಸಿದ.

ಮಾಷ್ಟ್ರು ರೆಕಾರ್ಡುಗಳನ್ನು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಶನಿವಾರ ಫಿಲ್ಟರ್ ಪೇಪರಿನ ಪಟ್ಟಿಗಳನ್ನು ಹಂಚಿದರು. "ಇವತ್ತು ಶಾಯಿ ಪರೀಕ್ಷೆ. ಗೆರೆ ಪೆನ್ಸಿಲಿನಲ್ಲಿ ಎಳೆಯಿರಿ. ಪೆನ್ನಿನಲ್ಲಿ ಎಳೆದರೆ ಗೆರೆಯೂ ಓಡುತ್ತದೆ." ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಒಳಗೆ ರೆಕಾರ್ಡುಗಳಿಂದ ಬ್ಲೇಡಿನಲ್ಲಿ ಕೊಯ್ದ ಪುಟ್ಟ ಹಸಿರು ಚೂರುಗಳು.

ಪಟ್ಟಿ ಓಡಿಸುವ ಕೆಲಸ ನನಗೆ ಬಂತು. ಕ್ಯಾಪಿಲರಿ ಎಂಬ ತೀರಾ ಸಪೂರ ಗಾಜಿನ ನಳಿಕೆಯಲ್ಲಿ ಚುಕ್ಕೆ ಇಡುವಾಗ ನನ್ನ ಕೈ ನಡುಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಬದಿಗೆ ಮಾಷ್ಟ್ರ ಬಾಟಲಿಯ ಶಾಯಿ, ಪಕ್ಕದಲ್ಲಿ ಒಂದೊಂದೇ ಚೂರಿನ ರಸ. ಇಡೀ ಕ್ಲಾಸು ಮೇಜಿನ ಸುತ್ತ. ನೀರು ಮೇಲೇರಿತು. ಒಂದಷ್ಟು ಚುಕ್ಕೆಗಳು ಮಾಷ್ಟ್ರ ಶಾಯಿಯ ಜೊತೆಜೊತೆಗೇ ಹೋದವು. ಉಳಿದವುಗಳಲ್ಲಿ ಜಿಲೇಬಿಯ ಹಳದಿ ಬೇರೆಯಾಗಿ ಮೇಲಕ್ಕೆ ಓಡಿತು, ನೀಲಿ ಹಿಂದೆ ಉಳಿಯಿತು. ಯಾರೂ ಉಸಿರೆತ್ತಲಿಲ್ಲ. ನನ್ನ ರೆಕಾರ್ಡಿನದು ಅಸಲಿ ಸಹಿಯೇ ಆಗಿತ್ತು. ಇದಕ್ಕಾಗಿ ಇವತ್ತಿಗೂ ನನಗೆ ಬಯ್ಯುತ್ತಾರೆ.

ಮಾಷ್ಟ್ರು ಆ ಕಲಾವಿದನನ್ನು ಕರೆದರು. ಪಟ್ಟಿ ಒಣಗಿಸಿ, ಪ್ರತಿ ಬಣ್ಣ ಎಷ್ಟು ದೂರ ಹೋಯಿತು ಅಳೆದು, ಅದನ್ನು ನೀರು ಏರಿದ ದೂರದಿಂದ ಭಾಗಿಸಿ ಬರುವ ಆರ್‌ಎಫ್ ಲೆಕ್ಕ ಹಾಕಿ ರೆಕಾರ್ಡಿನಲ್ಲಿ ಬರೆಯಲು ಹೇಳಿದರು. ಬರೆದ. ಅದರ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿದರು. "ಈ ವರ್ಷ ಹೊಸ ಪ್ರಯೋಗ ಇರುವುದು ನಿನ್ನ ರೆಕಾರ್ಡಿನಲ್ಲಿ ಮಾತ್ರ ಮಾರಾಯ." ಗೋಳಿಬಜೆ ತಿನ್ನಿಸಿದವರು ಮಾತ್ರ ಮೊದಲಿನಿಂದ ಬರೆಯಬೇಕಾಯಿತು.

ನಾನೀಗ ಬೆಂಗಳೂರಿನ ಒಂದು ಪರೀಕ್ಷಾ ಲ್ಯಾಬಿನಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ನನ್ನ ಸಹಿ ಇಲ್ಲದೆ ಒಂದು ವರದಿಯೂ ಹೊರಗೆ ಹೋಗುವುದಿಲ್ಲ. ಕೆಲಸಕ್ಕೆ ಬರುವ ಮಕ್ಕಳ ಇಂಟರ್‌ವ್ಯೂ ನಾನೇ ಮಾಡುತ್ತೇನೆ. ಎಲ್ಲರ ಬಳಿಯೂ ಎಚ್‌ಪಿಎಲ್‌ಸಿ ತರಬೇತಿಯ ಸರ್ಟಿಫಿಕೇಟ್ ಇರುತ್ತದೆ, ಚಿನ್ನದ ಅಂಚಿನದು. ನಮ್ಮ ಗಾಜಿನ ಕಾಲಂ ಮಾಡುತ್ತಿದ್ದ ಕೆಲಸವನ್ನೇ ಪಂಪಿನ ಒತ್ತಡದಲ್ಲಿ ಮಾಡುವ ಯಂತ್ರ ಅದು. ಕಾಲಂ 250 ಮಿಲಿಮೀಟರ್ ಉದ್ದ, 4.6 ಅಗಲ, ಒಳಗಿನ ಕಣ 5 ಮೈಕ್ರಾನ್ ಎಂದು ಗಡಗಡ ಹೇಳುತ್ತಾರೆ. "ಇಂಜೆಕ್ಟ್ ಮಾಡುವ ಮೊದಲು ಏನು ಮಾಡಿದಿರಿ?" ಎಂದು ಕೇಳಿದರೆ, "ಸ್ಯಾಂಪಲ್ ರೆಡಿ ಇತ್ತು ಸರ್" ಎನ್ನುತ್ತಾರೆ. ಫಿಲ್ಟರ್ ಮಾಡದ ಸ್ಯಾಂಪಲ್ ಹಾಕಿ ಕಾಲಂ ಕಟ್ಟಿಕೊಂಡರೆ ಹತ್ತಾರು ಸಾವಿರ ರೂಪಾಯಿ ಹೋಗುತ್ತದೆ, ಅದು ದೊಡ್ಡ ಮಾತಲ್ಲ. ತಪ್ಪು ಸ್ಯಾಂಪಲಿನಿಂದ ಯಂತ್ರದ ಗ್ರಾಫಿನಲ್ಲಿ ಚೆಂದದ ಪೀಕ್ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅದು ದೊಡ್ಡ ಮಾತು. ಮಕ್ಕಳ ತಪ್ಪಲ್ಲ ಇದು. ಒಂದು ಯಂತ್ರದ ಸುತ್ತ ನಲವತ್ತು ಜನರನ್ನು ನಿಲ್ಲಿಸಿ ಎರಡು ದಿನದಲ್ಲಿ ಕಲಿಸಿದರೆ ಮತ್ತೇನು ಬರುತ್ತದೆ? ಯಾರೂ ಅವರಿಂದ ಒಂದು ಫ್ಲಾಸ್ಕ್ ತೊಳೆಸಿರುವುದಿಲ್ಲ.

2003ರಲ್ಲಿ ಕ್ವೆಚರ್ಸ್ ಎಂಬ ಹೊಸ ವಿಧಾನ ಬಂತು. 10 ಗ್ರಾಂ ತರಕಾರಿಗೆ 10 ಮಿಲಿ ಅಸಿಟೋನೈಟ್ರೈಲ್ ದ್ರಾವಕ, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು, ಕುಲುಕು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸು. ಕೀಟನಾಶಕ ಹುಡುಕುವವರಿಗೆ ದಿನದ ಕೆಲಸ ಗಂಟೆಗೆ ಇಳಿಯಿತು. ನಮ್ಮ ಲ್ಯಾಬಿಗೆ ಅದನ್ನು ತಂದ ಖುಷಿಯಲ್ಲಿ ಮಾಷ್ಟ್ರಿಗೆ ಫೋನ್ ಮಾಡಿದೆ. ಆಗ ಅವರು ನಿವೃತ್ತರಾಗಿದ್ದರು. ಎಲ್ಲ ಕೇಳಿಸಿಕೊಂಡು, "ಉಪ್ಪು ಹಾಕಿದರೆ ಪದರ ಬೇರೆಯಾಗ್ತದೆ ಅಂತ ನಾನು ಅಂದೇ ಹೇಳಲಿಲ್ವಾ?" ಎಂದರು. ಆಮೇಲೆ ಎಂದಿನ ಪ್ರಶ್ನೆ: ತರಕಾರಿ ಎಲ್ಲಿಂದ ತಂದೆ, ಚೀಲದ ಮೇಲಿನದಾ, ಅಡಿಯದಾ?

2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಜಗತ್ತೇ ಕೈಬಿಡಬೇಕಾದ ವಿಷಗಳ ಪಟ್ಟಿಗೆ ಎಂಡೋಸಲ್ಫಾನ್ ಸೇರಿದಾಗ, ಮರುತಿಂಗಳೇ ಸುಪ್ರೀಂ ಕೋರ್ಟ್ ಅದನ್ನು ತಡೆದಾಗ ಮತ್ತೆ ಮಾತಾಡಿದೆವು. ಅವರು ಸಂತೋಷವನ್ನೇನೂ ತೋರಿಸಲಿಲ್ಲ. ಆ ಅಂಗಳದ ಮುದುಕಿ ಇದ್ದಾರಾ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಬರುವ ಮೇ ತಿಂಗಳಲ್ಲಿ ನಮ್ಮ ಬ್ಯಾಚು ಕಾಲೇಜಿನಲ್ಲಿ ಸೇರುತ್ತದೆ. ಮಾಷ್ಟ್ರ ನೆನಪಿಗೆ ವಿಭಾಗಕ್ಕೆ ಏನಾದರೂ ಕೊಡೋಣ ಎಂದಾಗ ಸ್ಮಾರ್ಟ್ ಬೋರ್ಡ್ ಬೇಕು ಎಂಬ ಸೂಚನೆ ಬಂತು. ಗುಂಪಿನಲ್ಲಿ ಮತ ಹಾಕಿದೆವು. ಸ್ಮಾರ್ಟ್ ಬೋರ್ಡ್ ಸೋತಿತು. ಎರಡು ಡಜನ್ ಸೆಪರೇಟಿಂಗ್ ಫನಲ್, ಗಾಜಿನ ಕಾಲಂಗಳು, ಕಂದು ಬಾಟಲಿಗಳು, ಒಂದು ಒಳ್ಳೆಯ ತಕ್ಕಡಿ ಕೊಡುತ್ತೇವೆ. ಬ್ಯಾಂಕಿನ ಗೆಳೆಯ ಅರ್ಧ ದುಡ್ಡು ನನ್ನದು ಎಂದಿದ್ದಾನೆ, ಚೆಕ್ಕಿಗೆ ಹಸಿರು ಶಾಯಿಯಲ್ಲಿ ಸಹಿ ಹಾಕಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ್ದೇವೆ. ವಿಭಾಗದವರಲ್ಲಿ ನಮ್ಮದೊಂದೇ ಬೇಡಿಕೆ. ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಗೆ ಕೊಡಿ. ಒಡೆದುಹೋದರೆ ತಿಳಿಸಿ, ಮತ್ತೆ ಕಳಿಸುತ್ತೇವೆ.