ಊರು ಕಳೆದುಕೊಂಡ ಕಡಲ ಬಸವನಹುಳು

ಮೈಸೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗದ ಮ್ಯೂಸಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಮರದ ಡ್ರಾಯರ್‌ಗಳ ತುಂಬ ಕಲ್ಲು, ಖನಿಜ, ಪಳೆಯುಳಿಕೆ. ಈಗ ಅವಕ್ಕೆಲ್ಲ ಹೊಸ ಚೀಟಿ ಬರೆದು ರಿಜಿಸ್ಟರಿಗೆ ಏರಿಸುತ್ತಿದ್ದೇವೆ. ಈ ಕೆಲಸ ನನಗೆ ಕಲಿಸಿದ್ದು ಇದು: ಪಳೆಯುಳಿಕೆಗೆ ಹೆಸರು ಹುಡುಕುವ ಮೊದಲು ಅದಕ್ಕೆ ಅಂಟಿರುವ ಮಣ್ಣನ್ನು ನೋಡಬೇಕು.

ನಮ್ಮ ಕಡೆ ಈ ಮಾತಿಗೆ ತೂಕ ಇನ್ನೂ ಜಾಸ್ತಿ. ಮೈಸೂರು, ಮಂಡ್ಯದ ನೆಲದಡಿಯ ನೈಸ್ ಎಂಬ ಪಟ್ಟೆಪಟ್ಟೆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಾಮುಂಡಿ ಬೆಟ್ಟದ ಗ್ರಾನೈಟ್ ಅದರ ಮುಂದೆ ಎಳೆಯದು, ಆದರೂ ಸುಮಾರು 80 ಕೋಟಿ. ಬಸವನಹುಳುಗಳ ವಂಶ ಶುರುವಾದದ್ದೇ ಸುಮಾರು 50 ಕೋಟಿ ವರ್ಷದ ಹಿಂದೆ. ಹಾಗಾಗಿ ಇಲ್ಲಿನ ಬಂಡೆಯಲ್ಲಿ ಅವು ಸಿಗುವ ಮಾತೇ ಇಲ್ಲ. ನಮ್ಮ ಡ್ರಾಯರಿನಲ್ಲಿರುವ ಒಂದೊಂದು ಚಿಪ್ಪೂ ಯಾರದೋ ಚೀಲದಲ್ಲಿ ರೈಲು ಹತ್ತಿ ಬಂದದ್ದು. ಚೀಟಿ ಹೋದರೆ ಅದರ ಊರೂ ಹೋಯಿತು.

ಹಾಗೆ ಊರು ಕಳೆದುಕೊಂಡದ್ದು ಒಂದಿತ್ತು. ಕಿರುಬೆರಳುದ್ದ, ಬೈರಿಗೆಯ ಹಾಗೆ ಸುತ್ತಿಕೊಂಡು ಚೂಪಾಗುವ ಚಿಪ್ಪು. ಚೀಟಿಯಲ್ಲಿ ಊರಿನ ಹೆಸರಿನ ಜಾಗವನ್ನು ಹುಳು ತಿಂದಿತ್ತು. ಉಳಿದದ್ದು ‘ಟುರಿಟೆಲ್ಲಾ’ ಎಂಬ ಹೆಸರು, ಕಡಲ ಬಸವನಹುಳುಗಳ ಒಂದು ಕುಲದ್ದು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ‘ಕ್ರಿಟೇಶಿಯಸ್’, ಅಂದರೆ ಡೈನೋಸಾರ್‌ಗಳ ಕೊನೆಯ ಕಾಲ. ಇದನ್ನು ಯಾಕೆ ಬರೆದರೆಂದು ಊಹಿಸುವುದು ಸುಲಭ. ನಮ್ಮ ಕಡೆಯ ವಿದ್ಯಾರ್ಥಿಗಳು ಪಳೆಯುಳಿಕೆ ನೋಡಲು ಹೋಗುವುದು ತಮಿಳುನಾಡಿನ ಅರಿಯಲೂರಿಗೆ. ಅಲ್ಲಿನ ಕ್ರಿಟೇಶಿಯಸ್ ಕಾಲದ ಕಡಲ ಪದರಗಳಲ್ಲಿ ಚಿಪ್ಪುಗಳಿಗೆ ಬರವಿಲ್ಲ. ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ 1860ರ ದಶಕದಲ್ಲೇ ಆ ಬಸವನಹುಳುಗಳನ್ನು ಚಿತ್ರಸಮೇತ ವಿವರಿಸಿದ್ದರು. 1874ರಲ್ಲಿ, ಇನ್ನೂ 36 ವರ್ಷಕ್ಕೇ, ಲಡಾಖ್ ಕಡೆ ತೀರಿಕೊಂಡರು. ಅಷ್ಟು ಚಿಕ್ಕ ಆಯುಷ್ಯದಲ್ಲಿ ಎಷ್ಟು ಕೆಲಸ ಮಾಡಿದ್ದಾರೆ ಎಂದು ಅವರ ಚಿತ್ರಗಳನ್ನು ತೆರೆದಾಗಲೆಲ್ಲ ಅನ್ನಿಸುತ್ತದೆ.

“ಮೇಡಂ, ಬ್ರಷ್ ಹಾಕಿ ತೊಳೆದುಬಿಡ್ಲಾ? ಫೋಟೋ ಚೆನ್ನಾಗಿ ಬರುತ್ತೆ,” ಅಂದ ಜೊತೆಗಿದ್ದ ಹುಡುಗ.

“ಬೇಡಪ್ಪ, ಸದ್ಯಕ್ಕೆ ಮುಟ್ಟಬೇಡ.”

ಚಿಪ್ಪಿನ ಬಾಯಿಯೊಳಗೆ ಹಳದಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಅಕ್ಕಿಕಾಳಿನಷ್ಟು ಚೂರು ಎಬ್ಬಿಸಿದೆವು. ಅದರ ಪುಡಿಯ ಮೇಲೆ ತೆಳು ಆಸಿಡ್ ಒಂದು ಹನಿ ಬಿಟ್ಟರೆ ಬುಸ್ಸೆಂದು ನೊರೆ. ಅಂದರೆ ಸುಣ್ಣದಂಶ ತುಂಬಿದ ಮಣ್ಣು. ಉಳಿದ ಚೂರನ್ನು ಅಂಟಿನಲ್ಲಿ ಕೂರಿಸಿ, ಗಾಜಿನ ಪಟ್ಟಿಗೆ ಹಚ್ಚಿ, ಕಾರ್ಬೊರಂಡಂ ಪುಡಿಯಲ್ಲಿ ಉಜ್ಜಿದೆವು. ಬೆಳಕು ಹಾಯಬೇಕಾದರೆ ಸುಮಾರು 0.03 ಮಿಲಿಮೀಟರ್‌ಗೆ ಇಳಿಸಬೇಕು. ಕೊನೆಯಲ್ಲಿ ಕೈ ಸ್ವಲ್ಪ ಭಾರವಾದರೂ ಇದ್ದ ಸಾಕ್ಷಿ ಪುಡಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ನಡುವೆ ಉಬ್ಬಿದ ಪುಟ್ಟ ಬಿಲ್ಲೆ, ಒಳಗೆ ಸುತ್ತು ಸುತ್ತಾಗಿ ಸಾಲುಗಟ್ಟಿದ ಕೋಣೆಗಳು. ನುಮ್ಯುಲೈಟಿಸ್!

ಇದು ಒಂದೇ ಕೋಶದ ಕಡಲ ಜೀವಿಯ ಚಿಪ್ಪು. ಕ್ರಿಟೇಶಿಯಸ್ ಕಾಲ ಮುಗಿದದ್ದು 6.6 ಕೋಟಿ ವರ್ಷದ ಹಿಂದೆ. ನುಮ್ಯುಲೈಟಿಸ್ ಕಾಣಿಸಿಕೊಂಡದ್ದು ಅದಾದ ಎಷ್ಟೋ ಲಕ್ಷ ವರ್ಷಗಳ ಮೇಲೆ, ಮೆರೆದದ್ದು ಆಮೇಲಿನ ಇಯೋಸೀನ್ ಎಂಬ ಕಾಲದಲ್ಲಿ. ಹಳೆಯ ಚಿಪ್ಪೊಂದು ಉರುಳಿ ಬಂದು ಹೊಸ ಕೆಸರಿನಲ್ಲಿ ಹೂತಿರಬಹುದಲ್ವಾ ಎಂದು ಕೇಳಬಹುದು. ಕೇಳಲೇಬೇಕು. ಹಾಗಾಗಿದ್ದರೆ ಮೈಮೇಲಿನ ಏಣುಗಳು ಸವೆದಿರಬೇಕಿತ್ತು. ನಮ್ಮದರಲ್ಲಿ ಅವು ಉಗುರಿಗೆ ತಾಗುವಷ್ಟು ಚೂಪಾಗಿವೆ, ಸಂದುಗಳಲ್ಲೂ ಅದೇ ಹಳದಿ ಮಣ್ಣು. ಹಾಗಾಗಿ ‘ಕ್ರಿಟೇಶಿಯಸ್’ ಬಿಟ್ಟೆವು.

ಇನ್ನು ಊರು. ನುಮ್ಯುಲೈಟಿಸ್ ಇರುವ ಕಲ್ಲು ಗುಜರಾತಿನ ಕಛ್‌ನಲ್ಲಿದೆ, ಜೈಸಲ್ಮೇರ್ ಕಡೆ ಇದೆ, ಮೇಘಾಲಯದಲ್ಲೂ ಇದೆ. ಮೆತ್ತನೆಯ ಹಳದಿ ಮಣ್ಣು ನೋಡಿದರೆ ನನ್ನ ಮನಸ್ಸು ಕಛ್ ಕಡೆಗೇ ವಾಲುತ್ತದೆ. ಆದರೆ ವಾಲುವುದು ಬೇರೆ, ಬರೆಯುವುದು ಬೇರೆ.

ಹೆಸರಿನ ವಿಷಯವೂ ಹಾಗೆಯೇ. ಉದ್ದ, ಚೂಪು, ಸುತ್ತು ಕಂಡರೆ ಟುರಿಟೆಲ್ಲಾ ಅಂದುಬಿಡುವುದು ಹಳೆಯ ಚಾಳಿ. ಅಮೆರಿಕದ ವ್ಯೋಮಿಂಗ್‌ನಿಂದ ಬರುವ ‘ಟುರಿಟೆಲ್ಲಾ ಅಗೇಟ್’ ಕಲ್ಲು ಅಂಗಡಿಗಳಲ್ಲಿ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಅದರಲ್ಲಿರುವುದು ಎಲಿಮಿಯಾ ಟೆನೆರಾ, ಸಿಹಿನೀರಿನ ಹುಳು! ನಮ್ಮದು ಕಡಲಿನದು ಎನ್ನಲು ಮತ್ತೆ ಆ ಮಣ್ಣೇ ಸಾಕ್ಷಿ. ಟುರಿಟೆಲ್ಲಾ ಕುಟುಂಬದೊಳಗೆ ಕುಲ ಬಿಡಿಸಲು ತುದಿಯ ಮೊದಲ ಸುತ್ತುಗಳಲ್ಲಿ ಏಣುಗಳು ಯಾವ ಕ್ರಮದಲ್ಲಿ ಮೂಡಿವೆ, ಬೆಳವಣಿಗೆಯ ಗೆರೆ ಹೇಗೆ ಬಾಗಿದೆ ಎಂದು ನೋಡಬೇಕು. ನ್ಯೂಜಿಲೆಂಡಿನ ಜಾನ್ ಮಾರ್ವಿಕ್ 1957ರಲ್ಲಿ ಈ ದಾರಿಯಲ್ಲೇ ಇಡೀ ಕುಟುಂಬವನ್ನು ಮರುವಿಂಗಡಿಸಿದರು. ನಮ್ಮ ಚಿಪ್ಪಿನ ತುದಿಯೇ ಮುರಿದಿದೆ.

ಪ್ರದರ್ಶನಕ್ಕೆ ಇಡುವಾಗ ಪೂರ್ತಿ ಹೆಸರು ಇರಲಿ, ಖಾಲಿ ಬಿಟ್ಟರೆ ನೋಡುವವರಿಗೆ ಚೆನ್ನಾಗಿರಲ್ಲ ಎಂದು ಹಿರಿಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ನಾವು ಸುಮ್ನೆ ಬರೆದ ಪ್ರಭೇದದ ಹೆಸರನ್ನು ನಾಳೆ ಯಾರೋ ನಂಬಿ ಪ್ರಬಂಧಕ್ಕೆ ಹಾಕುತ್ತಾರೆ. ಅಲ್ಲಿಂದ ಅದನ್ನು ಕೀಳುವುದು ಬಹಳ ಕಷ್ಟ. ಈಗ ಚೀಟಿಯಲ್ಲಿ ಹೀಗಿದೆ: “ಟುರಿಟೆಲ್ಲಾ? ಪ್ರಭೇದ ನಿರ್ಧಾರವಾಗಿಲ್ಲ. ಬಹುಶಃ ಇಯೋಸೀನ್. ಊರು: ಕಛ್?” ಹಳೆಯ ಚೀಟಿ, ಗಾಜಿನ ಪಟ್ಟಿ, ಮಿಕ್ಕ ಮಣ್ಣು ಎಲ್ಲವನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಇದನ್ನು ಓದುವವರಲ್ಲಿ ಮೈಸೂರಿನಿಂದ ಕಛ್ ಕಡೆ ಫೀಲ್ಡ್‌ಗೆ ಹೋಗಿದ್ದ ಹಳೆಯ ವಿದ್ಯಾರ್ಥಿಗಳು ಇದ್ದರೆ, ದಯವಿಟ್ಟು ನಿಮ್ಮ ಫೀಲ್ಡ್ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ಯಾವ ಹಳ್ಳದ ದಂಡೆಯಲ್ಲಿ ಏನು ಆರಿಸಿದಿರಿ ಎಂದು ಒಂದು ಸಾಲು ಬರೆದಿದ್ದರೂ ಸಾಕು, ನನಗೆ ತಿಳಿಸಿ.